ಬಾದಾಮಿ ಯಾವ ಜಿಲ್ಲೆ?

ಸೆಪ್ಟೆಂಬರ್ 22, 1997, ಸೋಮವಾರ

ಇವತ್ತಿನಿಂದ ನಾಲ್ಕನೇ ಕೆಲಸ. ಚಾಮರಾಜಪೇಟೆಯಲ್ಲಿ ಮಹಾನಂದಮ್ಮನ ಪ್ರೆಸ್ಸು. ಊದುಬತ್ತಿ ಹೊಸೆಯುವುದನ್ನು ಒಂದು ತಿಂಗಳಿಗೆ ಬಿಟ್ಟೆ, ಗಾರ್ಮೆಂಟ್ಸನ್ನು ಆರು ವಾರಕ್ಕೆ, ಪಾತ್ರೆ ಅಂಗಡಿಯನ್ನು ಒಂಬತ್ತೇ ದಿನಕ್ಕೆ. ಇದು ಎಷ್ಟು ದಿನವೋ. ಶಶಿ ಅಣ್ಣ "ಎರಡು ವಾರ" ಅಂದ. ಅಮ್ಮ ಡಬ್ಬಿಗೆ ಚಿತ್ರಾನ್ನ ತುಂಬಿಕೊಟ್ಟಳು.

ಕೆಲಸ ಎಂದರೆ ಓದುವುದು. ಕಾಳಪ್ಪ ಎನ್ನುವವರು ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುತ್ತಾರೆ. ಅದನ್ನು ಕಾಗದದ ಮೇಲೆ ಒಂದು ಸಲ ಒತ್ತಿದರೆ ಪ್ರೂಫು. ನಾನು ಅದನ್ನು ಜೋರಾಗಿ ಓದಬೇಕು. ಎದುರಿಗೆ ರಾಮಾನುಜ ಮೇಷ್ಟ್ರು ಲೇಖಕರ ಕೈಬರಹದ ಕಾಪಿ ಹಿಡಿದು ಕೂತಿರುತ್ತಾರೆ. ತಪ್ಪು ಬಂದರೆ "ಅಲ್ಲಿ ಗೆರೆ ಹಾಕು" ಎಂದು ಹೇಳಿ, ಏನು ಬರೆಯಬೇಕೋ ಹೇಳುತ್ತಾರೆ. ಕೆಂಪು ಪೆನ್ನಿನಲ್ಲಿ ನಾನೇ ಬರೆಯಬೇಕು. ಮೇಷ್ಟ್ರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದವರು. ರಿಟೈರಾಗಿ ಇಲ್ಲಿ ಏಳು ವರ್ಷ.

ಪುಸ್ತಕ ಸಾಮಾನ್ಯ ಜ್ಞಾನದ್ದು. ಗುಮಾಸ್ತರ ಪರೀಕ್ಷೆ ಕಟ್ಟುವವರಿಗೆ. ಸಾವಿರದ ಒಂದು ಪ್ರಶ್ನೆ, ಸಾವಿರದ ಒಂದು ಉತ್ತರ. ಕಾಮಾ, ಫುಲ್‌ಸ್ಟಾಪು ಎಲ್ಲ ಬಾಯಲ್ಲಿ ಹೇಳಬೇಕು. "ಈಜಿಪ್ಟಿನ ರಾಜಧಾನಿ ಯಾವುದು ಪ್ರಶ್ನೆ ಚಿಹ್ನೆ ಕೈರೋ ಫುಲ್‌ಸ್ಟಾಪ್." ಸಂಜೆ ಹೊತ್ತಿಗೆ ಗಂಟಲು ಉರಿ. ಈಜಿಪ್ಟಿನ ರಾಜಧಾನಿ ಗೊತ್ತಿದ್ದರೆ ಬಸ್ಸಿನಲ್ಲಿ ಸೀಟು ಕೊಡುತ್ತಾರಾ?

ಮಹಾನಂದಮ್ಮ "ಸ್ಕೂಲ್ ಯಾಕೆ ಬಿಟ್ಟೆ?" ಎಂದು ಕೇಳಿದರು. ಇದ್ದದ್ದು ಹೇಳಿದೆ. ಒಂಬತ್ತನೇ ಕ್ಲಾಸಿನಲ್ಲಿ ಇನ್ಸ್‌ಪೆಕ್ಷನ್ ಇತ್ತು. ಇನ್ಸ್‌ಪೆಕ್ಟರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿರುವವರು ಬಲಗೈ ಎತ್ತಿ, ಗೊತ್ತಿಲ್ಲದವರು ಎಡಗೈ ಎತ್ತಿ ಎಂದು ಟೀಚರು ಮೊದಲೇ ಕಲಿಸಿದ್ದರು. ಇಡೀ ಕ್ಲಾಸು ಕೈ ಎತ್ತಿತು. ಇನ್ಸ್‌ಪೆಕ್ಟರಿಗೆ ಖುಷಿಯೋ ಖುಷಿ. ನಾನು ಎದ್ದು ನಿಂತು "ಸಾರ್, ಎಡಗೈ ಎತ್ತಿರೋರ್ಗೆ ಗೊತ್ತಿಲ್ಲ ಸಾರ್" ಅಂದೆ. ಆಮೇಲೆ ಆ ಕ್ಲಾಸಿನಲ್ಲಿ ಕೂರಲು ಆಗಲಿಲ್ಲ.

ಮಹಾನಂದಮ್ಮ ನಗಲಿಲ್ಲ. ಮೇಷ್ಟ್ರು ನಕ್ಕರು. "ನೀನು ಯಾವ ಕೈ ಎತ್ತಿದ್ದೆ ಮೀನಾ?" ಎಂದು ಕೇಳಿದರು. "ಎಡಗೈ" ಅಂದೆ.

ಸೆಪ್ಟೆಂಬರ್ 25

ಕೂತು ಕೂತು ಕಾಲು ಜೋಮು. ಮಧ್ಯೆ ಎದ್ದು ಓಡಾಡಿಕೊಂಡೇ ಓದಿದೆ. "ನಿಂತಾದ್ರೂ ಓದು, ಕುಣೀತಾದ್ರೂ ಓದು, ಒಂದಕ್ಷರ ನುಂಗ್ಬೇಡ" ಅಂದರು ಮೇಷ್ಟ್ರು.

ಅವರ ಕಿವಿ ಭಯಂಕರ. ನೈಲ್ ನದಿಯ ಪುಟದಲ್ಲಿ ಒಂದು ಸಾಲೇ ಬಿಟ್ಟುಹೋಗಿತ್ತು. ನನಗೆ ಗೊತ್ತಾಗಲಿಲ್ಲ. ಅವರು ತಕ್ಷಣ ಕೈ ಎತ್ತಿದರು. ಕಾಳಪ್ಪನವರು ಒಳಗಿನಿಂದ "ಸಿಕ್ಬಿದ್ನಾ ಕಳ್ಳ?" ಎಂದು ಕೂಗಿದರು. ಕಳ್ಳ ಎಂದರೆ ಸಾಲು ಬಿಟ್ಟು ಜೋಡಿಸಿದ ಕಾಳಪ್ಪನವರೇ.

ಅಕ್ಟೋಬರ್ 1

ಇವತ್ತು ನುಡಿಗಟ್ಟುಗಳ ಭಾಗ. ಅಳಿಲು ಸೇವೆ, ಬಕಧ್ಯಾನ, ಭಗೀರಥ ಪ್ರಯತ್ನ, ತ್ರಿಶಂಕು ಸ್ಥಿತಿ. ಅಮ್ಮ ದಿನಾ ಬೈಯುವ ಮಾತುಗಳು ಪುಸ್ತಕದಲ್ಲಿ ಪ್ರಶ್ನೆ ಆಗಿ ಬರುತ್ತವೆ ಎಂದು ಗೊತ್ತಿರಲಿಲ್ಲ. ಮನೆಗೆ ಬಂದು ಅಮ್ಮನಿಗೆ ತ್ರಿಶಂಕುವಿನ ಕಥೆ ಪೂರ್ತಿ ಹೇಳಿದೆ. "ಅಷ್ಟು ದೊಡ್ಡ ಋಷಿ, ಕೊನೆಗೂ ಅವನನ್ನ ಇಳಿಸ್ಲಿಲ್ವಾ?" ಎಂದು ಕೇಳಿದಳು. ಮೇಷ್ಟ್ರನ್ನು ಕೇಳಬೇಕು.

ಎರಡು ವಾರಕ್ಕೆ ಇನ್ನು ಐದು ದಿನ.

ಅಕ್ಟೋಬರ್ 6, ಸೋಮವಾರ

ಒಂದು ವಿಚಿತ್ರ. ಬೆಳಿಗ್ಗೆ ನಾಲ್ಕನೇ ಫಾರಮ್ಮಿನ ಪ್ರೂಫು ಓದುತ್ತಿದ್ದೆ. ಒಂದು ಫಾರಂ ಎಂದರೆ ಹದಿನಾರು ಪುಟ. ಅರ್ಧ ಗಂಟೆ ಆದ ಮೇಲೆ ನೋಡಿದರೆ ಮೇಷ್ಟ್ರ ಕೈಯಲ್ಲಿ ಇದ್ದದ್ದು ಐದನೇ ಫಾರಮ್ಮಿನ ಕಾಪಿ. ನಾನೇ ತಪ್ಪು ಕಟ್ಟು ಎತ್ತಿಕೊಟ್ಟಿದ್ದೆ. ಆದರೆ ಅವರು ಹಾಳೆ ತಿರುಗಿಸುತ್ತ, "ಸರಿ, ಮುಂದೆ" ಎನ್ನುತ್ತ ಕೂತಿದ್ದರು. ಮೂರು ತಪ್ಪು ಬೇರೆ ಹಿಡಿದಿದ್ದರು, ಮೂರೂ ನಿಜವಾಗಿ ತಪ್ಪೇ.

ಸೋಮಾರಿತನ ಇರಬೇಕು. ಎಲ್ಲ ಬಾಯಿಪಾಠ ಇದೆಯಲ್ಲ. ಕಾಪಿ ಬದಲಾಯಿಸಿಕೊಟ್ಟೆ. "ಓಹ್, ಹೌದಾ" ಅಂದರು, ಅಷ್ಟೇ.

ಅಕ್ಟೋಬರ್ 13, ಸೋಮವಾರ

ಆಯುಧಪೂಜೆ ಆಯಿತು, ದಸರಾ ಆಯಿತು. ಪ್ರೆಸ್ಸಿನ ಮಿಷಿನ್ನಿಗೆ ಕಾಳಪ್ಪನವರು ಬಳಿದ ವಿಭೂತಿ ಇನ್ನೂ ಹೋಗಿಲ್ಲ. ಮೊದಲ ಮೂರು ಫಾರಂ ಅಚ್ಚಾಗಿ ಒಣಗಿವೆ, ತಲಾ ಎರಡು ಸಾವಿರ. ಅಚ್ಚಿನಲ್ಲಿ ಮಸಿ ಹತ್ತಿ ಕೆಟ್ಟ ಹಾಳೆಗಳನ್ನು ಶಶಿ ಅಣ್ಣನಿಗೆ ತಂದುಕೊಟ್ಟೆ. ಡಿಸೆಂಬರಿನಲ್ಲಿ ಅವನಿಗೂ ಅದೇ ಗುಮಾಸ್ತರ ಪರೀಕ್ಷೆ.

ಅವನು ಊಟ ಮಾಡುತ್ತ ಓದುತ್ತಿದ್ದವನು ನಿಂತ. "ಏ ಮೀನಾ, ಇದ್ಯಾವ ಕಾಲದ ಪುಸ್ತಕನೇ? ಬಾದಾಮಿ ವಿಜಾಪುರ ಜಿಲ್ಲೆ ಅಂತ ಹಾಕಿದಾರೆ. ಅದು ಈಗ ಬಾಗಲಕೋಟೆಗೆ ಹೋಯ್ತು. ಆಗಸ್ಟ್‌ನಲ್ಲಿ ಏಳು ಹೊಸ ಜಿಲ್ಲೆ ಮಾಡ್ಲಿಲ್ವಾ?"

"ಜಿಲ್ಲೆ ಎಷ್ಟು ಅನ್ನೋ ಕಡೆ ಇಪ್ಪತ್ತೇಳು ಅಂತಾನೇ ಇದೆ. ನಾನೇ ಓದಿದೀನಿ."

"ಲೆಕ್ಕ ಹೊಸದು, ಊರು ಹಳೇದು. ಇದನ್ನ ಓದ್ಕೊಂಡು ಹೋದ್ರೆ ನನ್ ಕಥೆ ಅಷ್ಟೇ."

ಬರೆದ ಲೇಖಕನಿಗೆ ಬುದ್ಧಿ ಇಲ್ಲ ಎಂದುಕೊಂಡೆ. ನಾಳೆ ಕಾಪಿ ನೋಡಬೇಕು.

ಅಕ್ಟೋಬರ್ 14

ಲೇಖಕನಿಗೆ ಬುದ್ಧಿ ಇದೆ. ಕಾಪಿಯಲ್ಲಿ ದುಂಡಗೆ ಬರೆದಿದ್ದಾನೆ: ಬಾದಾಮಿ, ಬಾಗಲಕೋಟೆ ಜಿಲ್ಲೆ. ಪ್ರೂಫಿನಲ್ಲೂ ಹಾಗೇ ಇದೆ. ಅದರ ಮೇಲೆ ಕೆಂಪು ಗೆರೆ ಎಳೆದು ವಿಜಾಪುರ ಎಂದು ಬರೆದಿರುವುದು ನನ್ನ ಕೈ. ಮೇಷ್ಟ್ರು ಹೇಳಿದ್ದು, ನಾನು ಬರೆದದ್ದು.

ಊರು, ಜಿಲ್ಲೆಯ ಪ್ರಶ್ನೆಗಳೆಲ್ಲ ಇರುವುದು ಮೂರನೇ ಫಾರಮ್ಮಿನಲ್ಲಿ. ಊಟದ ಹೊತ್ತಿನಲ್ಲಿ ಅದನ್ನು ಪೂರ್ತಿ ಹೋಲಿಸಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ. ಲಕ್ಕುಂಡಿ ಗದಗಕ್ಕೆ ಹೋಗಿದೆ, ಅವರು ಧಾರವಾಡ ಮಾಡಿಸಿದ್ದಾರೆ. ಕಾರ್ಕಳ, ಮಲ್ಪೆ ಉಡುಪಿಗೆ ಸೇರಿವೆ, ದಕ್ಷಿಣ ಕನ್ನಡ ಮಾಡಿಸಿದ್ದಾರೆ. ಬಂಡೀಪುರ, ಆನೆಗೊಂದಿ, ಹರಿಹರ, ಸೂಳೆಕೆರೆ. ಒಟ್ಟು ಹನ್ನೊಂದು. ಕಾಪಿ ನೋಡಿದ್ದರೆ ಒಂದೂ ಆಗುತ್ತಿರಲಿಲ್ಲ.

ಕಾಳಪ್ಪನವರನ್ನು ಸುಮ್ಮನೆ ಕೇಳಿದೆ, ಎಲ್ಲ ಪ್ರೆಸ್ಸಲ್ಲೂ ಹೀಗೇ ಓದುತ್ತಾರಾ ಎಂದು. "ಎಲ್ಲಾ ಕಡೆ ಹುಡುಗ್ರು ಕಾಪಿ ಓದ್ತಾರವ್ವಾ, ಪ್ರೂಫ್ ರೀಡರು ಪ್ರೂಫ್ ನೋಡ್ತಾರೆ. ನಮ್ ಮೇಷ್ಟ್ರೂ ಮೊದ್ಲು ಹಂಗೇ ಇದ್ರು. ಈ ವರ್ಷದಿಂದ ಉಲ್ಟಾ."

ಆವತ್ತು ಅವರ ಕೈಯಲ್ಲಿ ತಪ್ಪು ಕಟ್ಟು ಇದ್ದದ್ದು ನೆನಪಾಯಿತು. ಅವರು ಸೋಮಾರಿ ಅಲ್ಲ. ಅವರಿಗೆ ಅಕ್ಷರ ಕಾಣುವುದಿಲ್ಲ.

ಮಹಾನಂದಮ್ಮನ ಟೇಬಲ್ಲು ನಾನು ಕೂತ ಜಾಗದಿಂದ ಎಂಟು ಹೆಜ್ಜೆ. ಹೇಳಿದರೆ ಮೇಷ್ಟ್ರ ಕೆಲಸ ಹೋಗುತ್ತದೆ. ಹೇಳದಿದ್ದರೆ ಶಶಿ ಅಣ್ಣನಂಥ ಎರಡು ಸಾವಿರ ಜನ ತಪ್ಪು ಓದುತ್ತಾರೆ. ಎದ್ದೆ. ನೀರು ಕುಡಿದು ವಾಪಸ್ ಬಂದು ಕೂತೆ. ನಾನು ಹೀಗೆ ಮಾಡಿದ್ದು ಇದೇ ಮೊದಲು.

ಅಕ್ಟೋಬರ್ 15

ಮೊದಲು ಅವರಿಗೇ ಹೇಳಿದೆ. ಬೇರೆ ಯಾರೂ ಇರಲಿಲ್ಲ.

"ಮೇಷ್ಟ್ರೇ, ನಿಮ್ಗೆ ಓದೋಕೆ ಕಾಣ್ಸಲ್ಲ ಅಲ್ವಾ?"

"ಯಾರು ಹೇಳಿದ್ದು ನಿಂಗೆ?"

"ಯಾರೂ ಇಲ್ಲ. ಮೂರನೇ ಫಾರಮ್‌ನಲ್ಲಿ ಹನ್ನೊಂದು ತಪ್ಪಿದೆ. ಕಾಪಿಲಿ ಸರಿಯಾಗಿದ್ದಿದ್ದನ್ನ ನಾವು ಕೆಡಿಸಿದೀವಿ."

ಒಂದೊಂದೇ ಹೇಳಿದೆ. ಬಂಡೀಪುರ ಎನ್ನುವ ಹೊತ್ತಿಗೆ ಅವರ ಮುಖ ಕೆಂಪಾಗಿತ್ತು. "ಬಂಡೀಪುರ ಮೈಸೂರು ಜಿಲ್ಲೆ! ನಾನು ಭೂಗೋಳ ಹೇಳ್ಕೊಡೋವಾಗ ನೀನು ಹುಟ್ಟಿರ್ಲಿಲ್ಲ. ಒಂಬತ್ತನೇ ಕ್ಲಾಸ್ ಬಿಟ್ಟೋಳು ನನ್ನ ತಿದ್ತೀಯಾ?"

"ಈಗ ಚಾಮರಾಜನಗರ ಮೇಷ್ಟ್ರೇ."

ಕೊಡೆ ತೆಗೆದುಕೊಂಡು ಹೊರಟುಹೋದರು. ಬಾಗಿಲು, ಮೆಟ್ಟಿಲು, ರಸ್ತೆ ಎಲ್ಲ ಸರಾಗವಾಗಿ ದಾಟಿದರು. ಅದಕ್ಕೇ ಯಾರಿಗೂ ಗೊತ್ತಾಗಿಲ್ಲ.

ಅಕ್ಟೋಬರ್ 16

ಮೇಷ್ಟ್ರು ಬರಲಿಲ್ಲ.

ಅಕ್ಟೋಬರ್ 17

ಇವತ್ತೂ ಇಲ್ಲ. ಮಹಾನಂದಮ್ಮ ನನ್ನನ್ನು ಕರೆದು ಕೇಳಿದರು. "ಯಾಕೆ ಬಂದಿಲ್ಲ ಅಂತ ನಿಂಗೆ ಗೊತ್ತಾ?"

"ಗೊತ್ತು. ಆದ್ರೆ ನಾನು ಹೇಳಲ್ಲ. ಅವರೇ ಹೇಳ್ಬೇಕು."

"ಇದೆಂಥಾ ಉತ್ತರ?"

"ಗೊತ್ತಿಲ್ಲ ಅಂದ್ರೆ ಸುಳ್ಳಾಗತ್ತೆ. ಅದಕ್ಕೆ."

ನನ್ನನ್ನೇ ನೋಡಿದರು. "ಸೋಮವಾರದ ತನಕ ನೋಡ್ತೀನಿ. ಆಮೇಲೆ ಬೇರೆಯವ್ರನ್ನ ಹುಡುಕ್ತೀನಿ. ಐದನೇ ಫಾರಂ ಕಟ್ಟಿಟ್ಟು ಮೂರು ದಿನ ಆಯ್ತು, ಮೊಳೆ ಎಲ್ಲ ಅದ್ರಲ್ಲೇ ಸಿಕ್ಕಾಕ್ಕೊಂಡಿದೆ."

ಆ ಮೂರನೇ ಫಾರಮ್ಮಿನ ಮೊಳೆ ಬಿಚ್ಚಿ ಯಾವಾಗಲೋ ಮರದ ತಟ್ಟೆಯಲ್ಲಿ ಅಕ್ಷರಕ್ಕೊಂದರಂತೆ ಇರುವ ಮನೆಗಳಿಗೆ ವಾಪಸ್ ಹಾಕಿಯಾಗಿದೆ ಎಂದು ಕಾಳಪ್ಪನವರು ಹೇಳಿದರು. ಮತ್ತೆ ಅಚ್ಚು ಹಾಕಬೇಕೆಂದರೆ ಹದಿನಾರು ಪುಟವನ್ನೂ ಹೊಸದಾಗಿ ಜೋಡಿಸಬೇಕು.

ಅಕ್ಟೋಬರ್ 18, ಶನಿವಾರ

ಅರ್ಧ ದಿನ ಕೆಲಸ ಇತ್ತು. ಮುಗಿಸಿಕೊಂಡು ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆ. ಮೊದಲು ಅವೆನ್ಯೂ ರಸ್ತೆಗೆ ಹೋಗಿ ಮೂರು ಅಂಗಡಿಯಲ್ಲಿ ಹೊಸ ಜಿಲ್ಲೆಗಳ ನಕ್ಷೆ ಕೇಳಿದೆ. ಇನ್ನೂ ಬಂದಿಲ್ಲವಂತೆ. ನಕ್ಷೆ ಮಾಡುವವರೂ ಹಳೆಯದರಲ್ಲೇ ಇದ್ದಾರೆ. ಹಾಗಾಗಿ ಶಶಿ ಅಣ್ಣ ಪೇಪರಿನಿಂದ ಕತ್ತರಿಸಿಟ್ಟಿದ್ದ ತಾಲ್ಲೂಕುಗಳ ಪಟ್ಟಿಯನ್ನೇ ತೆಗೆದುಕೊಂಡು ಹೋದೆ.

ಬಾಗಿಲು ತೆಗೆದವರು ಅವರ ಹೆಂಡತಿ ಅಂಬುಜಮ್ಮ. "ನೀನೇನಾ ಮೀನಾ? ಮೂರು ದಿನದಿಂದ ನಿನ್ನ ಬೈತಾನೇ ಇದಾರೆ. ಬಾ." ಮೇಷ್ಟ್ರು ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ನನ್ನ ದನಿ ಕೇಳಿ ಪೇಪರನ್ನು ಇನ್ನೂ ಮೇಲಕ್ಕೆತ್ತಿದರು.

ಕಣ್ಣಿನ ಮಾತೇ ಎತ್ತಲಿಲ್ಲ. ನಿಂತುಕೊಂಡೇ ಓದಲು ಶುರುಮಾಡಿದೆ. "ಬಾಗಲಕೋಟೆ ಜಿಲ್ಲೆ. ವಿಜಾಪುರದಿಂದ ಬೇರೆಯಾದ ತಾಲ್ಲೂಕುಗಳು. ಬಾದಾಮಿ ಕಾಮಾ ಬಾಗಲಕೋಟೆ ಕಾಮಾ ಬೀಳಗಿ ಕಾಮಾ ಹುನಗುಂದ ಕಾಮಾ ಜಮಖಂಡಿ ಕಾಮಾ ಮುಧೋಳ ಫುಲ್‌ಸ್ಟಾಪ್. ಗದಗ ಜಿಲ್ಲೆ..."

"ನಿಲ್ಲು," ಅಂದರು. ಪೇಪರು ಕೆಳಗಿಳಿಯಿತು. "ಆರು ತಾಲ್ಲೂಕು. ಅಂದ್ರೆ ಗೆರೆ ಕೃಷ್ಣಾ ನದಿ ಹತ್ರ ಬಂತು. ಅಂಬುಜಾ, ಸೀಮೆಸುಣ್ಣ ಇದೆಯಾ?"

ಕೆಂಪು ನೆಲದ ಮೇಲೆ ಮಂಡಿಯೂರಿ ಕೂತು ಕರ್ನಾಟಕ ಬರೆದರು. ಬೀದರಿನ ತುದಿಯಿಂದ ಹಿಡಿದು ಕೆಳಗೆ ಬಂದು ಕೊಳ್ಳೇಗಾಲ ಸುತ್ತಿ, ಕೊಡಗು ದಾಟಿ, ಸಮುದ್ರದ ದಡ ಹಿಡಿದು ಮೇಲಕ್ಕೆ. ಕೈ ಎಲ್ಲೂ ನಿಲ್ಲಲಿಲ್ಲ. ಆಮೇಲೆ ಒಳಗಿನ ಗೆರೆಗಳು. ಇಪ್ಪತ್ತು ಜಿಲ್ಲೆಯೂ ಕಣ್ಣು ಮುಚ್ಚಿಕೊಂಡೇ. ನನ್ನ ಸ್ಕೂಲಿನ ಗೋಡೆಯ ಮೇಲಿನ ನಕ್ಷೆ ಇಷ್ಟು ಚೆನ್ನಾಗಿರಲಿಲ್ಲ.

"ಈಗ ಓದು. ನಿಧಾನಕ್ಕೆ."

ನಾನು ತಾಲ್ಲೂಕು ಹೇಳುತ್ತ ಹೋದೆ. ಅವರು ಪ್ರತಿ ಹೆಸರಿಗೂ ಬೆರಳಿನಿಂದ ನೆಲ ಮುಟ್ಟಿ, ಹಳೆಯ ಜಿಲ್ಲೆಯ ಹೊಟ್ಟೆಯಲ್ಲಿ ಹೊಸ ಗೆರೆ ಎಳೆದರು. ಧಾರವಾಡ ಮೂರು ತುಂಡಾದಾಗ "ಅಯ್ಯೋ" ಅಂದರು. ದಾವಣಗೆರೆಗೆ ಮೂರು ಜಿಲ್ಲೆಯಿಂದ ತಾಲ್ಲೂಕು ಕಿತ್ತುಕೊಂಡಿದ್ದು ಕೇಳಿ, "ಪರವಾಗಿಲ್ಲ, ದಾವಣಗೆರೆಯವ್ರು ಗಟ್ಟಿಗರು" ಎಂದು ನಕ್ಕರು. ಒಮ್ಮೆ ಸೀಮೆಸುಣ್ಣ ಕೈಜಾರಿ ಅವರ ಎದುರಿಗೇ ಬಿತ್ತು. ಹುಡುಕಿದರು, ಸಿಗಲಿಲ್ಲ. ಅಂಬುಜಮ್ಮ ಎತ್ತಿಕೊಟ್ಟರು.

ಏಳೂ ಮುಗಿದ ಮೇಲೆ ಮೇಷ್ಟ್ರು ಹೇಳಿದರು: "ಹೊಸ ಜಿಲ್ಲೆ ಆಯ್ತು ಅಂತ ರೇಡಿಯೋದಲ್ಲಿ ಕೇಳಿದ್ದೆ. ಹೆಸರುಗಳನ್ನೂ ಕೇಳಿದ್ದೆ. ಗೆರೆ ಎಲ್ಲಿ ಎಳೆದ್ರು ಅಂತ ಓದಿ ಹೇಳೋರು ಯಾರೂ ಇರ್ಲಿಲ್ಲ."

"ನನ್ನ ಕೇಳಿದ್ರೆ ಓದ್ತಿದ್ದೆ," ಅಂದರು ಅಂಬುಜಮ್ಮ. "ಬೆಳಿಗ್ಗೆ ಪೇಪರ್ ತಲೆಕೆಳಗೆ ಹಿಡ್ಕೊಂಡು ಕೂತ್ಕೊಳ್ಳೋರು ನೀವು. ನಂಗೂ ಗೊತ್ತಿಲ್ಲ ಅನ್ಕೊಂಡ್ರಾ? ನೀವಾಗೇ ಹೇಳ್ತೀರ ಅಂತ ಸುಮ್ನಿದ್ದೆ."

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಎಲ್ಲ ಹೇಳಿದರು. ನೋಟದ ನಡುವೆ ಮಸಿ ಚೆಲ್ಲಿದ ಹಾಗೆ ಇದೆಯಂತೆ, ಸುತ್ತಲಿನದು ಕಾಣುತ್ತದಂತೆ. ಮಿಂಟೋ ಕಣ್ಣಾಸ್ಪತ್ರೆಯಲ್ಲಿ ತೋರಿಸಿದ್ದಾರೆ. ಇದಕ್ಕೆ ಆಪರೇಷನ್ ಇಲ್ಲವಂತೆ.

ಹೊರಡುವಾಗ ಅಂಬುಜಮ್ಮ ಕಾಫಿ ಕೊಟ್ಟರು. ನೆಲ ಒರೆಸಬಾರದು ಎಂದು ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದಾರೆ. ಅಡುಗೆಮನೆಗೆ ಹೋಗಲು ಅಂಬುಜಮ್ಮ ಬಳ್ಳಾರಿ ತುಳಿಯದೆ ದಾಟಬೇಕು.

ಅಕ್ಟೋಬರ್ 20, ಸೋಮವಾರ

ಮೇಷ್ಟ್ರು ಬಂದರು. ಕೊಡೆಯನ್ನೂ ಇಡದೆ ನೇರವಾಗಿ ಮಹಾನಂದಮ್ಮನ ಟೇಬಲ್ಲಿಗೆ ಹೋಗಿ ಎಲ್ಲ ಹೇಳಿದರು. ಕಣ್ಣು, ಹನ್ನೊಂದು ತಪ್ಪು, ಎಲ್ಲ. "ಹುಡುಗೀದೇನೂ ತಪ್ಪಿಲ್ಲ. ನಾನು ಹೇಳಿದ್ದನ್ನ ಬರೆದಳು."

"ಕಾಪಿ ನೋಡದೆ ಬರೆದಿದ್ದು ನನ್ದೂ ತಪ್ಪೇ" ಅಂದೆ.

"ಯಾರ್ದು ಎಷ್ಟು ಅಂತ ಆಮೇಲೆ ಹಂಚ್ಕೊಳ್ಳಿ!" ಮಹಾನಂದಮ್ಮನಿಗೆ ಅಷ್ಟು ಸಿಟ್ಟು ಬಂದದ್ದು ನಾನು ನೋಡಿರಲಿಲ್ಲ. "ಕಣ್ಣು ಕಾಣ್ದಿರೋ ಪ್ರೂಫ್ ರೀಡರ್‌ನ ಇಟ್ಕೊಂಡು ನಾನೇನ್ ಮಾಡ್ಲಿ ಮೇಷ್ಟ್ರೇ? ನೀವೇ ಹೇಳಿ."

ಕಾಳಪ್ಪನವರು ಮಸಿ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. "ಅಮ್ಮಾ, ಎರಡು ಕಣ್ಣೂ ಸರಿ ಇರೋ ನಾನು ದಿನಾ ಐವತ್ತು ತಪ್ಪು ಮಾಡ್ತೀನಿ. ಮೇಷ್ಟ್ರು ಕಣ್ಣಿಲ್ದೆ ಐವತ್ತೂ ಹಿಡಿದಿದಾರೆ. ಮೊದ್ಲು ನನ್ನ ಮನೆಗೆ ಕಳ್ಸಿ."

ನಾನು ಹೇಳಿದೆ, ಎರಡು ಸಲ ಓದೋಣ ಎಂದು. ಮೊದಲು ನಾನೊಬ್ಬಳೇ ಕಾಪಿ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೋಲಿಸಿ ತಿದ್ದುತ್ತೇನೆ. ಆಮೇಲೆ ಮೇಷ್ಟ್ರಿಗೆ ಓದುತ್ತೇನೆ. ಅವರಿಗೆ ತಪ್ಪು ಅನ್ನಿಸಿದರೆ ಕಾಪಿ ನೋಡಿ ಹೇಳುತ್ತೇನೆ. ಇಬ್ಬರಿಗೂ ಸರಿ ಅನ್ನಿಸಿದರೆ ಮಾತ್ರ ಮುಂದೆ. ಅಚ್ಚಾಗಿರುವ ಫಾರಮ್ಮಿಗೆ ತಪ್ಪು-ಒಪ್ಪು ಪಟ್ಟಿ ಹಾಕಿ ಪುಸ್ತಕದ ಮೊದಲಿಗೇ ಅಂಟಿಸೋಣ.

"ಮೊದಲಿಗಾ? ಕೊಂಡ್ಕೊಳ್ಳೋನು ತೆಗೆದ ತಕ್ಷಣ ನಮ್ ತಪ್ಪನ್ನೇ ನೋಡ್ಬೇಕಾ?"

"ಕೊನೆಗೆ ಹಾಕಿದ್ರೆ ಯಾರೂ ನೋಡಲ್ಲಮ್ಮಾ. ಓದೋರು ನಮ್ಮಣ್ಣನಂಥೋರು."

ಮಹಾನಂದಮ್ಮ ಕನ್ನಡಕ ತೆಗೆದು ಒರೆಸಿದರು. "ಈ ಪುಸ್ತಕ ಮುಗಿಯೋ ತನಕ ನೋಡ್ತೀನಿ. ಇನ್ನೊಂದು ತಪ್ಪು ಬಂದ್ರೆ ಇಬ್ರೂ ಮನೆಗೆ."

ಅಕ್ಟೋಬರ್ 28

ಆರನೇ ಫಾರಂ. ಜಗಳವೇ ಜಗಳ. ಮೇಷ್ಟ್ರು "ತಪ್ಪು" ಎನ್ನುತ್ತಾರೆ, ನಾನು ಕಾಪಿ ನೋಡಿ "ಸರಿ" ಎನ್ನುತ್ತೇನೆ, ಇಬ್ಬರೂ ಒಪ್ಪದಿದ್ದರೆ ನಾನು ಲೈಬ್ರರಿಗೆ ಓಡುತ್ತೇನೆ. ಇವತ್ತು ಎರಡು ಸಲ ಓಡಿದೆ. ಒಂದು ಸಲ ಅವರು ಗೆದ್ದರು. ಒಂದು ಸಲ ಕಾಪಿ. ಬಸ್ಸಿನಲ್ಲಿ ಒಬ್ಬರು ಹಂಪಿ ಕೊಪ್ಪಳ ಜಿಲ್ಲೆಗೆ ಹೋಯಿತು ಎನ್ನುತ್ತಿದ್ದರು. ಇಲ್ಲ, ಹೊಳೆ ಆಚೆಯ ಆನೆಗೊಂದಿ ಕೊಪ್ಪಳಕ್ಕೆ ಹೋಗಿದೆ, ಹಂಪಿ ಬಳ್ಳಾರಿಯಲ್ಲೇ ಇದೆ ಎಂದು ಹೇಳಿದೆ. ಮಾತಿನ ಭರದಲ್ಲಿ ನನ್ನ ಸ್ಟಾಪು ದಾಟಿಹೋಯಿತು.

ನವೆಂಬರ್ 6, ಗುರುವಾರ

ಕೊನೆಯ ಫಾರಂ ಮಿಷಿನ್ನಿಗೆ ಹೋಯಿತು. ತಪ್ಪು-ಒಪ್ಪು ಪಟ್ಟಿಯೂ ಅಚ್ಚಾಯಿತು, ಅಂಗೈ ಅಗಲದ ಎರಡು ಸಾವಿರ ಚೀಟಿ. ಹನ್ನೊಂದೇ ಸಾಲು ಎಂದು ಒಂದೇ ಸಲ ಓದಿ ಮುಗಿಸಿದೆ. ಮೇಷ್ಟ್ರು ಕೇಳಿ "ಸರಿ" ಅಂದರು. ನಾಳೆಯಿಂದ ಅಂಟಿಸುವುದು.

ನವೆಂಬರ್ 7, ಶುಕ್ರವಾರ

ಚೀಟಿಯಲ್ಲಿ ತಪ್ಪಿದೆ.

ಮೊದಲನೇ ಸಾಲು. ಬಾದಾಮಿ ಇರುವುದು 34ನೇ ಪುಟದಲ್ಲಿ. ಚೀಟಿಯಲ್ಲಿ 43 ಎಂದು ಬಿದ್ದಿದೆ. ಪ್ರೂಫು ತೆಗೆದು ನೋಡಿದೆ. ಅದರಲ್ಲೂ 43. ನಾನು ಮೇಷ್ಟ್ರಿಗೆ ಓದಿದ್ದು ಮಾತ್ರ ಮೂವತ್ತನಾಲ್ಕು. ಕಾಗದದ ಮೇಲಿದ್ದದ್ದನ್ನು ಓದಲಿಲ್ಲ, ತಲೆಯಲ್ಲಿದ್ದದ್ದನ್ನು ಓದಿದೆ. ಎರಡು ಕಣ್ಣೂ ಬಿಟ್ಟುಕೊಂಡು.

ಅಂಟಿಸಲು ಗೋಂದು ಕಲಸಿಯಾಗಿತ್ತು. ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ನನ್ನ ಪಕ್ಕದಲ್ಲೇ ಚೀಟಿಗಳನ್ನು ನೂರು ನೂರರ ಕಟ್ಟು ಮಾಡುತ್ತ ಕೂತಿದ್ದರು. ಇನ್ನೊಂದು ತಪ್ಪು ಬಂದರೆ ಇಬ್ಬರೂ ಮನೆಗೆ. ನಾನೊಬ್ಬಳೇ ಆಗಿದ್ದರೆ ಎಂಟು ಹೆಜ್ಜೆ ಏನೂ ದೊಡ್ಡದಲ್ಲ. ಅವರ ಕಿವಿಯ ಹತ್ತಿರ ಹೋಗಿ ಹೇಳಿದೆ.

ಅವರು ಕಟ್ಟುವುದನ್ನು ನಿಲ್ಲಿಸಲಿಲ್ಲ. "ಹೋಗಿ ಹೇಳು. ನಾನೂ ಬರ್ತೀನಿ, ನಡಿ."

ಮಹಾನಂದಮ್ಮ ಚೀಟಿಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. "ನಿನ್ನೆ ಸಂಜೆ ನಾನೂ ಓದಿದೆ ಇದನ್ನ. ನಂಗೂ ಮೂವತ್ತನಾಲ್ಕು ಅಂತಾನೇ ಕಾಣಿಸ್ತು." ಚೀಟಿಯನ್ನು ಟೇಬಲ್ಲಿನ ಮೇಲಿಟ್ಟರು. "ತಪ್ಪಿನ ಪಟ್ಟೀಲೇ ತಪ್ಪು. ಇದಕ್ಕಿನ್ನೊಂದು ಪಟ್ಟಿ ಹಾಕ್ಸೋದಾ? ನನ್ ಕೈಲಾಗಲ್ಲಮ್ಮ. ಕೆಂಪು ಪೆನ್ನು ತಗೋ, ಎರಡು ಸಾವಿರಕ್ಕೂ ಕೈಯಲ್ಲೇ ತಿದ್ದು."

ನಾವಿಬ್ಬರೂ ಅಲ್ಲೇ ನಿಂತಿದ್ದೆವು.

"ಇನ್ನೇನು? ಹಾಂ, ಮೇಷ್ಟ್ರೇ, ಪಶುವೈದ್ಯರೊಬ್ರು ಹಸು ಸಾಕಣೆ ಪುಸ್ತಕದ ಕಾಪಿ ಬುಧವಾರ ತಂದ್ಕೊಡ್ತಾರೆ. ಇನ್ನೂರು ಪುಟ. ಹಸು ವಿಷ್ಯ ನಿಮಗೇನಾದ್ರೂ ಬರತ್ತಾ?"

"ಏನೂ ಬರಲ್ಲ" ಅಂದರು ಮೇಷ್ಟ್ರು.

"ಒಳ್ಳೇದಾಯ್ತು. ಹಂಗಿದ್ರೆ ಇಬ್ರೂ ಕಾಪಿ ನೋಡ್ತೀರ."

ಸಂಜೆವರೆಗೆ ಕೂತು ಸಾವಿರದ ನಾನೂರು ತಿದ್ದಿದೆ. ಪ್ರತಿಯೊಂದರಲ್ಲೂ 43 ಹೊಡೆದು ಪಕ್ಕದಲ್ಲಿ 34. ಬರೆದು ಬರೆದು ಹೆಬ್ಬೆರಳು ಮರಗಟ್ಟಿದೆ. ಮೇಷ್ಟ್ರು ಒಂದೊಂದೇ ಚೀಟಿ ಮುಂದೆ ತಳ್ಳುತ್ತ, ಹಸುವಿಗೆ ಎಷ್ಟು ಹೊಟ್ಟೆ ಎಂದು ಕೇಳಿದರು. ಕಾಳಪ್ಪನವರು ಒಂದು ಅಂದರು, ನಾನು ಎರಡು ಅಂದೆ. ಯಾರಿಗೂ ಗೊತ್ತಿರಲಿಲ್ಲ.

ಇನ್ನು ಆರುನೂರು ಬಾಕಿ. ನಾಳೆ ಒಂಬತ್ತಕ್ಕೇ ಹೋಗಬೇಕು. ಹೋಗುವ ದಾರಿಯಲ್ಲಿ ಲೈಬ್ರರಿ ತೆಗೆದಿದ್ದರೆ ಹಸುವಿನ ಹೊಟ್ಟೆಯನ್ನೂ ನೋಡಿಕೊಂಡು ಹೋಗುತ್ತೇನೆ.